ಆಸ್ಟ್ರೇಲಿಯಾದ ರೆಸಿಡೆನ್ಷಿಯಲ್ ಕಾಲೇಜು: ದುಡ್ಡು ಕಟ್ಟುವ ಮೊದಲು ಏನೇನು ವಿಚಾರಿಸಬೇಕು

ಮೆಲ್ಬೋರ್ನ್ ಯೂನಿವರ್ಸಿಟಿಯ ಉತ್ತರದ ಅಂಚಿನಲ್ಲಿ ಕಾಲೇಜ್ ಕ್ರೆಸೆಂಟ್ ಅನ್ನುವ ರಸ್ತೆ ಇದೆ. ಅದರ ಆಸುಪಾಸಿನಲ್ಲೇ ಟ್ರಿನಿಟಿ, ಆರ್ಮಂಡ್, ಕ್ವೀನ್ಸ್, ನ್ಯೂಮನ್ ಕಾಲೇಜುಗಳಿವೆ. ಟ್ರಿನಿಟಿ 1872ರದು, ಆರ್ಮಂಡ್ 1881ರದು. ಕಲ್ಲಿನ ಗೋಪುರ, ಹಸಿರು ಹುಲ್ಲು, ಉದ್ದನೆಯ ಊಟದ ಹಾಲ್. ಫೋಟೋ ನೋಡಿದರೆ ಸಾಕು, ಮಕ್ಕಳಿಗೂ ಅಪ್ಪ ಅಮ್ಮನಿಗೂ ಇದೇ ಬೇಕು ಅನ್ನಿಸಿಬಿಡುತ್ತದೆ.

ಇವಕ್ಕೆ ಕಾಲೇಜು ಅಂತ ಹೆಸರಿದ್ದರೂ ಡಿಗ್ರಿ ಕೊಡುವುದು ಯೂನಿವರ್ಸಿಟಿ. ಕ್ಲಾಸು, ಪರೀಕ್ಷೆ, ಮಾರ್ಕ್ಸ್ ಎಲ್ಲ ಅಲ್ಲಿ. ವಾಸ, ಊಟ, ಓದಿಗೆ ಒತ್ತಾಸೆ, ಕಷ್ಟ ಬಂದಾಗ ಆಸರೆ ಇಲ್ಲಿ. ಹೆಚ್ಚಿನ ಕಾಲೇಜುಗಳು ಯೂನಿವರ್ಸಿಟಿಗೆ ಸೇರಿದವೂ ಅಲ್ಲ. ಸ್ವಂತ ಆಡಳಿತ, ಸ್ವಂತ ಫೀಸು ಇಟ್ಟುಕೊಂಡು ಯೂನಿವರ್ಸಿಟಿ ಜೊತೆ ಸಂಬಂಧ ಇಟ್ಟುಕೊಂಡಿರುವ ಸಂಸ್ಥೆಗಳು. ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು ಅಂದರೆ ಕಾಲೇಜಿನಲ್ಲಿ ರೂಮು ಸಿಕ್ಕಿತು ಅಂತಲ್ಲ. ಅರ್ಜಿ ಬೇರೆ, ದುಡ್ಡು ಬೇರೆ.

ಬರೀ ರೂಮು ಬೇಕಿದ್ದರೆ ಹೊರಗೆ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಇಲ್ಲಿ ಜಾಸ್ತಿ ಕೊಡುವುದು ಅಡುಗೆಮನೆಗೆ, ಟ್ಯೂಟರ್‌ಗಳಿಗೆ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರಿಗೆ. ಹಾಗಾಗಿ ಕಾಲೇಜು ಆರಿಸುವಾಗ ಗೋಪುರದ ಫೋಟೋ ಪಕ್ಕಕ್ಕಿಟ್ಟು ಈ ಮೂರರ ಬಗ್ಗೆ ಪಟ್ಟುಹಿಡಿದು ಕೇಳಬೇಕು.

ಮೊದಲು, ಇದು ನಿಮಗೆ ಬೇಕಾ ನೋಡಿ

ಮೊದಲ ಡಿಗ್ರಿಗೆ, ಹದಿನೆಂಟರ ಆಸುಪಾಸಿನಲ್ಲಿ, ಮೊದಲ ಸಲ ಮನೆ ಬಿಟ್ಟು ಹೋಗುವವರಿಗೆ ಕಾಲೇಜು ಒಳ್ಳೆಯ ಜಾಗ. ಕನಿಷ್ಠ ಒಂದು ವರ್ಷದ ಮಟ್ಟಿಗೆ. ಅಡುಗೆ, ಬಾಡಿಗೆ ಮನೆ, ಕರೆಂಟ್ ಬಿಲ್ಲು ಯಾವುದರ ಚಿಂತೆಯೂ ಇಲ್ಲದೆ ಊರಿಗೆ ಹೊಂದಿಕೊಳ್ಳಬಹುದು.

ಆದರೆ ನಮ್ಮ ಕಡೆಯಿಂದ ಎಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್‌ಗೆ ಹೋಗುವವರೇ ಜಾಸ್ತಿ, ಅಲ್ವಾ? ಇಪ್ಪತ್ತನಾಲ್ಕು ವಯಸ್ಸಿನ, ಎರಡು ವರ್ಷ ಕೆಲಸ ಮಾಡಿ ಬಂದವರಿಗೆ ಹದಿನೆಂಟರ ಹುಡುಗರ ನಡುವೆ ಇರುವುದು ಬೇಸರ ತರಿಸಬಹುದು. ಅಂಥವರು ಅಡುಗೆ ನಾವೇ ಮಾಡಿಕೊಳ್ಳುವ ಹಾಲ್‌ಗಳನ್ನು, ಅಂದರೆ ಹಾಸ್ಟೆಲ್‌ಗಳನ್ನು, ನೋಡುವುದು ಮೇಲು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಟೋಡ್ ಹಾಲ್ ಮತ್ತು ಬರ್ಟನ್ ಅಂಡ್ ಗ್ಯಾರನ್ ಹಾಲ್ ಇಂಥವು. ಮೊನಾಶ್ ಯೂನಿವರ್ಸಿಟಿಯ ಕ್ಲೇಟನ್ ಕ್ಯಾಂಪಸ್ಸಿನಲ್ಲಿ ಫ್ಯಾರರ್, ಹೋವಿಟ್ ಥರದ ಹಾಲ್‌ಗಳಿವೆ. ಖರ್ಚೂ ಕಡಿಮೆ, ಸಾರು ಅನ್ನವೂ ನಮ್ಮ ಕೈಯಲ್ಲೇ. ಕಷ್ಟಕ್ಕೆ ಆಗುವ ವ್ಯವಸ್ಥೆ ಅಲ್ಲೂ ಇರುತ್ತದೆ. ಮಾಸ್ಟರ್ಸ್ ಮಾಡುತ್ತಲೂ ಕಾಲೇಜು ವಾತಾವರಣವೇ ಬೇಕು ಅನ್ನುವವರು ಮೆಲ್ಬೋರ್ನಿನ ಇಂಟರ್‌ನ್ಯಾಷನಲ್ ಹೌಸ್ ನೋಡಬಹುದು. 1957ರಲ್ಲಿ ಶುರುವಾದ ಈ ಕಾಲೇಜಿನ ಉದ್ದೇಶವೇ ಬೇರೆ ಬೇರೆ ದೇಶದವರನ್ನು ಒಂದೇ ಸೂರಿನಡಿ ಇರಿಸುವುದು.

ಪಿಯುಸಿ ಮುಗಿಸಿ ಹದಿನೇಳಕ್ಕೇ ಹೊರಡುವವರು ಒಂದು ವಿಷಯ ಗಮನಿಸಬೇಕು. 18 ತುಂಬುವವರೆಗೆ ಯಾರ ಜವಾಬ್ದಾರಿಯಲ್ಲಿ ಇರುತ್ತೀರಿ ಎಂದು ಸ್ಟೂಡೆಂಟ್ ವೀಸಾಗೆ ತೋರಿಸಬೇಕಾಗುತ್ತದೆ. ಅಪ್ಪ, ಅಮ್ಮ ಅಥವಾ ಹತ್ತಿರದ ಸಂಬಂಧಿಕರು ಜೊತೆಗಿರದಿದ್ದರೆ ವಾಸ ಮತ್ತು ಕಾಳಜಿಯ ವ್ಯವಸ್ಥೆಗೆ ಯೂನಿವರ್ಸಿಟಿಯೇ ಒಪ್ಪಿಗೆ ಪತ್ರ ಕೊಡಬೇಕು. ಎಲ್ಲ ಕಾಲೇಜುಗಳೂ 18ರೊಳಗಿನವರನ್ನು ಸೇರಿಸಿಕೊಳ್ಳುವುದಿಲ್ಲ. ಅಡ್ವಾನ್ಸ್ ಕಟ್ಟುವ ಮೊದಲೇ ಇದನ್ನು ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಎರಡನೆಯದು, ತಿಂಗಳ ಲೆಕ್ಕ ಮತ್ತು ದುಡ್ಡಿನ ಲೆಕ್ಕ

ಅಲ್ಲಿ ಮೊದಲ ಸೆಮಿಸ್ಟರ್ ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ಶುರು. ಎರಡನೆಯದು ಜುಲೈ ಕೊನೆಗೆ. ನಮ್ಮ ಪಿಯುಸಿ ಫಲಿತಾಂಶ ಏಪ್ರಿಲ್ ಹೊತ್ತಿಗೆ ಬರುವುದರಿಂದ ಜುಲೈಗೆ ಸೇರಿಬಿಡೋಣ ಅನ್ನಿಸುತ್ತದೆ. ಯೂನಿವರ್ಸಿಟಿ ಸೀಟು ಜುಲೈಗೂ ಸಿಗಬಹುದು. ಕಾಲೇಜು ರೂಮು ಮಾತ್ರ ಫೆಬ್ರವರಿಯಿಂದ ಇಡೀ ವರ್ಷಕ್ಕೆ ಕೊಟ್ಟಾಗಿರುತ್ತದೆ. ಜುಲೈನಲ್ಲಿ ಉಳಿಯುವುದು ಯಾರೋ ಮಧ್ಯದಲ್ಲಿ ಬಿಟ್ಟುಹೋದ ರೂಮುಗಳಷ್ಟೇ. ಕಾಲೇಜಿನಲ್ಲೇ ಇರಬೇಕು ಅಂತಿದ್ದರೆ ಫೆಬ್ರವರಿಯನ್ನು ಗುರಿ ಇಟ್ಟುಕೊಳ್ಳಿ. ಅರ್ಜಿ ಹಿಂದಿನ ವರ್ಷದ ಮಧ್ಯದಲ್ಲೇ ಹಾಕಿಬಿಡಿ.

ಇನ್ನು ದುಡ್ಡು. ಮೆಲ್ಬೋರ್ನ್, ಸಿಡ್ನಿಯ ಹಳೆಯ ಕಾಲೇಜುಗಳಲ್ಲಿ ಊಟ ಸೇರಿ ಒಂದು ವರ್ಷದ ಫೀಸು ಸಾಮಾನ್ಯವಾಗಿ 30,000 ಆಸ್ಟ್ರೇಲಿಯನ್ ಡಾಲರ್ ದಾಟುತ್ತದೆ. ಡಾಲರ್‌ಗೆ 55 ರೂಪಾಯಿ ಹಿಡಿದರೂ ಹದಿನಾರೂವರೆ ಲಕ್ಷ. ಓದಿನ ಫೀಸು ಬೇರೆ. ಸ್ಟೂಡೆಂಟ್ ವೀಸಾಗೆ ಒಂದು ವರ್ಷದ ಜೀವನ ಖರ್ಚು ಎಂದು ತೋರಿಸಬೇಕಾದ ಮೊತ್ತವನ್ನು ಅಲ್ಲಿನ ಸರಕಾರ 2024ರ ಮೇ ತಿಂಗಳಲ್ಲಿ 29,710 ಡಾಲರ್‌ಗೆ ಏರಿಸಿತು. ಅಂದರೆ ಅವರು ಇಡೀ ವರ್ಷದ ಬದುಕಿಗೆ ಲೆಕ್ಕ ಹಾಕಿದ ದುಡ್ಡು ಇಲ್ಲಿ ಊಟಕ್ಕೂ ರೂಮಿಗೂ ಸಾಲುವುದಿಲ್ಲ. ವೀಸಾಗೆ ತೋರಿಸಿದಷ್ಟು ಇದೆ, ನಡೆಯುತ್ತದೆ ಅಂದುಕೊಂಡು ಹೊರಟರೆ ಕಷ್ಟ.

ಪಾರ್ಟ್‌ಟೈಮ್ ಕೆಲಸ ಮಾಡಿ ಸರಿತೂಗಿಸುತ್ತೇನೆ ಅನ್ನುವ ಮಾತೂ ಕೇಳಿಬರುತ್ತದೆ. ಕ್ಲಾಸು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸ ಮಾಡುವ ಹಾಗಿಲ್ಲ. ಅಷ್ಟೂ ಗಂಟೆ ದುಡಿದರೆ ಕಾಲೇಜಿನ ಟ್ಯುಟೋರಿಯಲ್ಲು, ಊಟದ ಹೊತ್ತು ಎಲ್ಲ ತಪ್ಪುತ್ತದೆ. ಆಮೇಲೆ ಅಷ್ಟು ಫೀಸು ಕಟ್ಟಿ ಅಲ್ಲಿ ಇದ್ದಾದರೂ ಏನು ಪ್ರಯೋಜನ?

ಅದಕ್ಕಿಂತ ಬರ್ಸರಿ, ಅಂದರೆ ಫೀಸಿಗೆ ಸಿಗುವ ನೆರವು, ಕೇಳುವುದು ಜಾಣತನ. ಬಹುತೇಕ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳು ಕೊಟ್ಟ ದುಡ್ಡಿನ ನಿಧಿ ಇರುತ್ತದೆ. ಪೂರ್ತಿ ಫೀಸು ಸಿಗುವುದು ಅಪರೂಪ, ಒಂದು ಪಾಲು ಸಿಗಬಹುದು. ಹೊರದೇಶದವರಿಗೂ ಕೊಡುತ್ತೀರಾ ಎಂದು ಮೊದಲೇ ಕೇಳಿ. ಕೆಲವು ಅಲ್ಲಿನ ಪ್ರಜೆಗಳಿಗೆ ಮಾತ್ರ.

ಅರ್ಜಿ ಆದಮೇಲೆ ಇಂಟರ್‌ವ್ಯೂ ಇರುತ್ತದೆ, ನಮ್ಮವರಿಗೆ ಹೆಚ್ಚಾಗಿ ವಿಡಿಯೋದಲ್ಲಿ. ಮಾರ್ಕ್ಸ್ ಬಗ್ಗೆ ಅವರಿಗೆ ಅಷ್ಟು ಆಸಕ್ತಿ ಇರುವುದಿಲ್ಲ. ನೀವು ಇಲ್ಲಿ ಬಂದು ಜನರ ಜೊತೆ ಬೆರೆಯುತ್ತೀರಾ, ಏನಾದರೂ ಕೈ ಜೋಡಿಸುತ್ತೀರಾ ಅನ್ನುವುದೇ ಪ್ರಶ್ನೆ. ಕರ್ನಾಟಕ ಸಂಗೀತ ಕಲಿತಿದ್ದರೆ ಹೇಳಿ. ತಾಲ್ಲೂಕು ಮಟ್ಟದಲ್ಲಿ ಖೋಖೋ ಆಡಿದ್ದರೂ ಹೇಳಿ. ಸುಮ್ನೆ ಸಂಕೋಚ ಬೇಡ.

ಮೂರನೆಯದು, ಊಟ

ಇದನ್ನು ಹಗುರವಾಗಿ ತೆಗೆದುಕೊಂಡವರೇ ಆಮೇಲೆ ಜಾಸ್ತಿ ಒದ್ದಾಡುವುದು. ವಾರಕ್ಕೆ ಎಷ್ಟು ಊಟ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಕೆಲವು ಕಡೆ ದಿನಕ್ಕೆ ಮೂರು ಹೊತ್ತು. ಕೆಲವು ಕಡೆ ಶನಿವಾರ ಭಾನುವಾರ ತಿಂಡಿ ಊಟ ಸೇರಿಸಿ ತಡವಾಗಿ ಒಂದೇ ಸಲ. ರಾತ್ರಿ ಊಟ ಸಂಜೆ ಆರಕ್ಕೇ ಶುರುವಾಗಿ ಏಳೂವರೆಯೊಳಗೆ ಮುಗಿಯುವುದು ಅಲ್ಲಿ ಮಾಮೂಲು. ಒಂಬತ್ತಕ್ಕೆ ಉಂಡು ರೂಢಿಯಾದ ಹೊಟ್ಟೆಗೆ ಹನ್ನೊಂದರ ಹೊತ್ತಿಗೆ ಮತ್ತೆ ಹಸಿವು. ಲ್ಯಾಬ್ ಇದ್ದ ದಿನ ತಟ್ಟೆ ಎತ್ತಿಡಿಸುವ ವ್ಯವಸ್ಥೆ ಇದೆಯಾ, ಬುತ್ತಿ ಕಟ್ಟಿಕೊಂಡು ಹೋಗಬಹುದಾ, ರಾತ್ರಿ ತೆರೆದಿರುವ ಸಣ್ಣ ಅಡುಗೆಮನೆ ಇದೆಯಾ? ಈ ಮೂರನ್ನೂ ಕೇಳಿ.

ಸಸ್ಯಾಹಾರಿಗಳು ಬರೀ ವೆಜಿಟೇರಿಯನ್ ಅಂದರೆ ಸಾಲದು. ಅಲ್ಲಿ ಆ ಮಾತಿನೊಳಗೆ ಮೊಟ್ಟೆ ಬರುತ್ತದೆ. ಜೆಲ್ಲಿಯಲ್ಲಿ, ಮಾರ್ಷ್‌ಮೆಲೊದಲ್ಲಿ, ಕೆಲವು ಮೊಸರಿನಲ್ಲೂ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ ಮೂಳೆಯಿಂದ ಬರುವುದು. ಥಾಯ್ ಪಲ್ಯಕ್ಕೆ ಮೀನಿನ ಸಾಸ್ ಬಿದ್ದಿರಬಹುದು. ಮಾಂಸ, ಮೀನು, ಮೊಟ್ಟೆ, ಜೆಲಾಟಿನ್ ಬೇಡ, ಹಾಲು ಮೊಸರು ಆಗುತ್ತದೆ ಎಂದು ಬಿಡಿಸಿ ಬರೆದುಕೊಡಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಅದನ್ನೂ ಬರೆಯಿರಿ. ಅಡುಗೆಯವರು ಇದನ್ನು ಕಿರಿಕಿರಿ ಅಂದುಕೊಳ್ಳುವುದಿಲ್ಲ. ಅಲರ್ಜಿ, ಹಲಾಲ್, ವೀಗನ್ ಎಲ್ಲ ಅವರಿಗೆ ದಿನನಿತ್ಯದ ಕೆಲಸ. ಕಾಲೇಜನ್ನು ಅಳೆಯಲು ನನ್ನ ಪ್ರಕಾರ ಒಂದು ಒಳ್ಳೆಯ ದಾರಿ ಹೀಗಿದೆ: ಕಳೆದ ವಾರದ ಮೆನು ಕಳಿಸಿ ಎಂದು ಕೇಳಿ. ಸಸ್ಯಾಹಾರದ ಸಾಲಿನಲ್ಲಿ ಐದು ದಿನವೂ ಪಾಸ್ತಾ, ಸಲಾಡ್ ಇದ್ದರೆ ಬೇರೆ ಕಾಲೇಜು ನೋಡಿ.

ವಾರಕ್ಕೋ ತಿಂಗಳಿಗೋ ಒಮ್ಮೆ ಔಪಚಾರಿಕ ಡಿನ್ನರ್ ಇರುತ್ತದೆ. ಹಲವು ಕಡೆ ಕಪ್ಪು ಗೌನ್ ತೊಟ್ಟು ಕೂರಬೇಕು. ಇಂಥ ಊಟದಲ್ಲಿ ತಟ್ಟೆಯನ್ನು ಒಬ್ಬರಿಗೆ ಕೋಳಿ, ಪಕ್ಕದವರಿಗೆ ದನದ ಮಾಂಸ ಎಂದು ಸರದಿಯಲ್ಲಿ ಇಟ್ಟುಬಿಡುವ ರೂಢಿ ಆಸ್ಟ್ರೇಲಿಯಾದಲ್ಲಿದೆ. ಮೊದಲೇ ಹೆಸರು ಬರೆಸದಿದ್ದರೆ ನಿಮ್ಮ ಮುಂದೆಯೂ ಅದೇ ಬರುತ್ತದೆ.

ಊರಿಂದ ಒಯ್ಯುವ ತಿಂಡಿ ಬಗ್ಗೆ ಒಂದು ಮಾತು. ಧಾರವಾಡ ಪೇಡದಂಥ ಹಾಲಿನ ಸಿಹಿ, ಹಸಿ ಕರಿಬೇವು, ಬಿತ್ತನೆ ಬೀಜ ಇವೆಲ್ಲ ವಿಮಾನ ನಿಲ್ದಾಣದಲ್ಲೇ ಹೋಗುತ್ತವೆ. ಚಟ್ನಿಪುಡಿ, ಸಾರಿನಪುಡಿ ಒಯ್ಯುವವರು ಇಳಿಯುವಾಗ ಕೊಡುವ ಫಾರಂನಲ್ಲಿ ಆಹಾರ ಇದೆ ಎಂದು ಬರೆಯಲೇಬೇಕು. ಬರೆದರೆ ನೋಡಿ ಬಿಡುತ್ತಾರೆ ಅಥವಾ ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಬರೆಯದೆ ಸಿಕ್ಕಿಬಿದ್ದರೆ ದಂಡ, ಕೆಲವೊಮ್ಮೆ ವೀಸಾಗೂ ತೊಂದರೆ. ಪುಡಿಗಳನ್ನು ಅಲ್ಲೇ ಕೊಳ್ಳುವುದು ಸುಲಭ. ಮೆಲ್ಬೋರ್ನಿನಲ್ಲಿ ಡ್ಯಾಂಡೆನಾಂಗ್, ಸಿಡ್ನಿಯಲ್ಲಿ ಹ್ಯಾರಿಸ್ ಪಾರ್ಕ್ ಕಡೆ ಹೋದರೆ ಇಡ್ಲಿ ಅಕ್ಕಿಯಿಂದ ಹಿಡಿದು ಎಲ್ಲ ಸಿಗುತ್ತದೆ.

ನಾಲ್ಕನೆಯದು, ರೂಮು ಮತ್ತು ಉಳಿದ ಸೌಲಭ್ಯ

ರೂಮು ಹೆಚ್ಚಾಗಿ ಒಬ್ಬರಿಗೆ ಒಂದು. ಮಂಚ, ಮೇಜು, ಬೀರು, ಇಂಟರ್‌ನೆಟ್ ಇರುತ್ತದೆ. ಬಚ್ಚಲುಮನೆ ಮಾತ್ರ ಕಾರಿಡಾರಿನಲ್ಲಿ, ಹಲವು ಕಡೆ ಗಂಡು ಹೆಣ್ಣು ಇಬ್ಬರಿಗೂ ಒಂದೇ. ಮುಜುಗರವಾದರೆ ಹೆಣ್ಣುಮಕ್ಕಳ ಮಹಡಿ ಕೊಡಿ ಎಂದು ಕೇಳಬಹುದು. ಸಿಡ್ನಿಯ ವಿಮೆನ್ಸ್ ಕಾಲೇಜು 1892ರಿಂದಲೂ ಹೆಣ್ಣುಮಕ್ಕಳಿಗಾಗಿಯೇ ನಡೆಯುತ್ತಿದೆ.

ನ್ಯೂಮನ್ ಕಾಲೇಜಿನ ಗುಮ್ಮಟದ ಊಟದ ಹಾಲ್ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1918ರಲ್ಲಿ ತೆರೆದ ಆ ಕಾಲೇಜಿನ ವಿನ್ಯಾಸ ವಾಲ್ಟರ್ ಬರ್ಲಿ ಗ್ರಿಫಿನ್ ಮತ್ತು ಮೇರಿಯನ್ ಮಹೋನಿ ಗ್ರಿಫಿನ್ ದಂಪತಿಯದು. ಕ್ಯಾನ್‌ಬೆರಾ ನಗರದ ನಕ್ಷೆ ಹಾಕಿದವರೂ ಇವರೇ. ವಾಲ್ಟರ್ ಮುಂದೆ ಕೆಲಸಕ್ಕೆಂದು ಲಖನೌಗೆ ಬಂದು 1937ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಹಳೆಯ ಕಲ್ಲಿನ ಕಟ್ಟಡ ಎಷ್ಟು ಚಂದವಿದ್ದರೂ ಹೀಟರ್ ಹೇಗಿದೆ, ಎಷ್ಟು ಹೊತ್ತಿಗೆ ಆಫ್ ಆಗುತ್ತದೆ ಎಂದು ಕೇಳಲೇಬೇಕು. ಜೂನ್‌ನಿಂದ ಆಗಸ್ಟ್ ಅಲ್ಲಿ ಚಳಿಗಾಲ. ಕ್ಯಾನ್‌ಬೆರಾದಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ನೀವು ಹೋಗಿ ಇಳಿಯುವ ಫೆಬ್ರವರಿಯಲ್ಲಿ ಮೆಲ್ಬೋರ್ನ್ ಕೆಲವು ದಿನ 40 ಡಿಗ್ರಿಯ ಹತ್ತಿರ ಹೋಗುವುದೂ ಉಂಟು. ಹಳೆಯ ರೂಮುಗಳಲ್ಲಿ ಎಸಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಕರೆಂಟು ನಮ್ಮ ಹಾಗೇ 230 ವೋಲ್ಟ್. ಪ್ಲಗ್ಗಿನ ಪಿನ್ನು ಮಾತ್ರ ಓರೆ, ಅಡಾಪ್ಟರ್ ಬೇಕು. ರೈಸ್ ಕುಕ್ಕರ್, ಇಂಡಕ್ಷನ್ ಒಲೆ ರೂಮಿನಲ್ಲಿ ಇಡುವ ಹಾಗಿಲ್ಲ. ಊದುಬತ್ತಿ, ದೀಪ, ಕರ್ಪೂರ ಕೂಡ ಇಲ್ಲ. ಹೊಗೆ ಕಂಡರೆ ಅಲಾರಂ ಕೂಗುತ್ತದೆ, ಇಡೀ ಕಟ್ಟಡ ಹೊರಗೆ ನಿಲ್ಲುತ್ತದೆ, ಫೈರ್ ಎಂಜಿನ್ ಬರುತ್ತದೆ. ಅದರ ಖರ್ಚನ್ನು ಕಾರಣರಾದವರ ತಲೆಗೆ ಕಟ್ಟುವ ನಿಯಮ ಹಲವು ಕಾಲೇಜುಗಳಲ್ಲಿದೆ. ದೇವರ ಮುಂದೆ ಬ್ಯಾಟರಿ ದೀಪ ಇಡಿ.

ಲೈಬ್ರರಿ, ಜಿಮ್, ಟೆನಿಸ್ ಕೋರ್ಟ್, ಸಂಗೀತ ಅಭ್ಯಾಸದ ಕೋಣೆ, ಸೈಕಲ್ ನಿಲ್ಲಿಸುವ ಜಾಗ, ಬಟ್ಟೆ ಒಗೆಯುವ ಯಂತ್ರ ಹೆಚ್ಚೂಕಮ್ಮಿ ಎಲ್ಲ ಕಡೆ ಇವೆ. ಬಟ್ಟೆ ಒಗೆಯುವುದಕ್ಕೆ ಪ್ರತಿ ಸಲ ದುಡ್ಡು ಹಾಕಬೇಕಾ, ಫೀಸಿನಲ್ಲೇ ಸೇರಿದೆಯಾ ಅಂತ ನೋಡಿಕೊಳ್ಳಿ, ಸಾಕು.

ಐದನೆಯದು, ಓದಿಗೆ ಸಿಗುವ ಸಹಾಯ

ಒಳ್ಳೆಯ ಕಾಲೇಜಿನಲ್ಲಿ ಮೊದಲ ವರ್ಷದ ಮುಖ್ಯ ವಿಷಯಗಳಿಗೆ ವಾರವಾರ ಸಣ್ಣ ಗುಂಪಿನ ಟ್ಯುಟೋರಿಯಲ್ ಇರುತ್ತದೆ. ಯೂನಿವರ್ಸಿಟಿಯ ಕ್ಲಾಸಿಗೆ ಇದು ಹೆಚ್ಚುವರಿ, ಬೇರೆ ಫೀಸಿಲ್ಲ. ನಡೆಸುವವರು ಹೆಚ್ಚಾಗಿ ಪಿಎಚ್.ಡಿ. ಮಾಡುತ್ತಿರುವವರು ಅಥವಾ ಹಿರಿಯ ವಿದ್ಯಾರ್ಥಿಗಳು. ಸಂಕೋಚ ಸ್ವಭಾವದ ನಮ್ಮ ಮಕ್ಕಳಿಗೆ ದೊಡ್ಡ ಹಾಲ್‌ನಲ್ಲಿ ಕೈ ಎತ್ತುವುದಕ್ಕಿಂತ ಎಂಟು ಜನರ ನಡುವೆ ಪ್ರಶ್ನೆ ಕೇಳುವುದು ಸುಲಭ. ನಿಮ್ಮ ವಿಷಯಕ್ಕೆ ಈ ವರ್ಷ ನಿಜವಾಗಿ ಟ್ಯೂಟರ್ ಇದ್ದಾರಾ ಎಂದು ಕೇಳಿ. ಇಕನಾಮಿಕ್ಸ್, ಕೆಮಿಸ್ಟ್ರಿಗೆ ಸಿಕ್ಕುವಷ್ಟು ಸುಲಭವಾಗಿ ಎಲ್ಲದಕ್ಕೂ ಸಿಗುವುದಿಲ್ಲ.

ಜ್ವರ ಬಂದು ಪರೀಕ್ಷೆ ತಪ್ಪಿತು, ಮನೆಯಲ್ಲಿ ಸಾವಾಯಿತು ಅನ್ನುವಾಗ ವಿನಾಯಿತಿ ಕೊಡುವ ಅಧಿಕಾರ ಯೂನಿವರ್ಸಿಟಿಗಷ್ಟೇ ಇರುವುದು. ಸ್ಪೆಷಲ್ ಕನ್ಸಿಡರೇಷನ್ ಅನ್ನುವ ಆ ಅರ್ಜಿಗೆ ಕೆಲವೇ ದಿನಗಳ ಗಡುವು. ಕಾಲೇಜಿನವರು ಅರ್ಜಿ ಬರೆಯಲು, ಡಾಕ್ಟರ ಪತ್ರ ಹೊಂದಿಸಲು ಸಹಾಯ ಮಾಡುತ್ತಾರೆ. ಡಿಸ್ಲೆಕ್ಸಿಯಾ, ಸಕ್ಕರೆ ಕಾಯಿಲೆ, ಖಿನ್ನತೆ ಇಂಥದ್ದೇನಾದರೂ ಇದ್ದರೆ ಸೇರಿದ ಕೂಡಲೇ ಯೂನಿವರ್ಸಿಟಿಯ ಸಂಬಂಧಪಟ್ಟ ವಿಭಾಗದಲ್ಲಿ ನೋಂದಾಯಿಸಿ. ನಮ್ಮಲ್ಲಿ ಮುಚ್ಚಿಡುವ ಅಭ್ಯಾಸ. ಅಲ್ಲಿ ಹೇಳಿಕೊಂಡವರಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ.

ಆರನೆಯದು, ಕಷ್ಟ ಬಂದಾಗ ಯಾರಿಗೆ ಫೋನ್

ಪ್ರತಿ ಮಹಡಿಗೋ ಬ್ಲಾಕಿಗೋ ಒಬ್ಬ ರೆಸಿಡೆಂಟ್ ಅಡ್ವೈಸರ್ ಇರುತ್ತಾರೆ. ಕೆಲವು ಕಡೆ ರೆಸಿಡೆಂಟ್ ಟ್ಯೂಟರ್, ಸೀನಿಯರ್ ರೆಸಿಡೆಂಟ್ ಅಂತ ಹೆಸರು. ಇವರೂ ವಿದ್ಯಾರ್ಥಿಗಳೇ, ಪ್ರಥಮ ಚಿಕಿತ್ಸೆಯ ತರಬೇತಿ ಇರುತ್ತದೆ. ಕೀಲಿ ಒಳಗೆ ಸಿಕ್ಕಿಕೊಂಡಿತು, ಪಕ್ಕದ ರೂಮಿನಲ್ಲಿ ಗಲಾಟೆ, ಅಳು ಬರುತ್ತಿದೆ, ಎಲ್ಲದಕ್ಕೂ ಮೊದಲ ಬಾಗಿಲು ಇವರದು. ಇವರ ಮೇಲೆ ಡೀನ್, ಅವರ ಮೇಲೆ ಕಾಲೇಜಿನ ಮುಖ್ಯಸ್ಥರು. ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಸರ್, ಮೇಡಂ ಅನ್ನದೆ ಬಾಯಿ ತಿರುಗಲು ನಮ್ಮವರಿಗೆ ಒಂದು ತಿಂಗಳಾದರೂ ಬೇಕು!

ನೀವು ಕೇಳಬೇಕಾದ ಪ್ರಶ್ನೆಗಳು ಇವು. ರಾತ್ರಿ ಡ್ಯೂಟಿ ಫೋನ್ ಇದೆಯಾ? ಎತ್ತುವವರು ಕಟ್ಟಡದಲ್ಲೇ ಇರುತ್ತಾರಾ? ಒಬ್ಬ ಅಡ್ವೈಸರ್‌ಗೆ ಎಷ್ಟು ಜನ? ರಜೆಯಲ್ಲೂ ಯಾರಾದರೂ ಇರುತ್ತಾರಾ? ಉತ್ತರ ಅಡ್ಡಾದಿಡ್ಡಿ ಬಂದರೆ ಅದೇ ಒಂದು ಉತ್ತರ.

ಅಡ್ವೈಸರ್‌ಗಳು ಕೌನ್ಸೆಲರ್ ಅಲ್ಲ, ಡಾಕ್ಟರೂ ಅಲ್ಲ. ಯೂನಿವರ್ಸಿಟಿಯ ಕೌನ್ಸೆಲಿಂಗ್‌ಗೆ ಫೀಸಿಲ್ಲ, ಆದರೆ ಪರೀಕ್ಷೆಯ ಹೊತ್ತಿಗೆ ಕಾಯಬೇಕಾಗಬಹುದು. ಸ್ಟೂಡೆಂಟ್ ವೀಸಾಗೆ ಕಡ್ಡಾಯವಾದ ಆರೋಗ್ಯ ವಿಮೆಯ ಕಾರ್ಡು ಮೊಬೈಲಿನಲ್ಲಿರಲಿ. ಯಾವ ಕ್ಲಿನಿಕ್‌ನಲ್ಲಿ ವಿಮಾ ಕಂಪನಿಗೇ ನೇರ ಬಿಲ್ ಹೋಗುತ್ತದೆ ಎಂದು ಆರೋಗ್ಯವಾಗಿದ್ದಾಗಲೇ ತಿಳಿದುಕೊಳ್ಳಿ. ಹಲ್ಲು, ಕನ್ನಡಕ ಮಾಮೂಲು ವಿಮೆಯಲ್ಲಿ ಬರುವುದಿಲ್ಲ, ಊರಲ್ಲೇ ಮುಗಿಸಿಕೊಂಡು ಹೋಗಿ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಪತ್ರದ ಜೊತೆ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ಪೊಲೀಸ್, ಆಂಬುಲೆನ್ಸ್, ಬೆಂಕಿ ಮೂರಕ್ಕೂ ನಂಬರ್ 000. ಮನಸ್ಸು ಕುಗ್ಗಿ ಯಾರೊಂದಿಗಾದರೂ ಮಾತಾಡಬೇಕು ಅನ್ನಿಸಿದರೆ ಲೈಫ್‌ಲೈನ್ 13 11 14, ಹಗಲು ರಾತ್ರಿ ಯಾವಾಗಲಾದರೂ.

ಇದು ಅಪ್ಪ ಅಮ್ಮಂದಿರಿಗೆ. 18 ದಾಟಿದ ಮಗಳ ಹಾಜರಿ, ಮಾರ್ಕ್ಸ್, ಆರೋಗ್ಯ ಯಾವುದನ್ನೂ ಅವಳ ಒಪ್ಪಿಗೆ ಇಲ್ಲದೆ ಕಾಲೇಜು ನಿಮಗೆ ಹೇಳುವುದಿಲ್ಲ. ಫೀಸು ಕಟ್ಟಿದವರು ನಾವು ಅಂದರೂ ಅಷ್ಟೇ. ತುರ್ತು ಸಂಪರ್ಕಕ್ಕೆ ನಿಮ್ಮ ಹೆಸರು ಬರೆಸಿ, ಅಪಾಯದ ಸಂದರ್ಭದಲ್ಲಿ ತಿಳಿಸಬಹುದು ಎಂಬ ಒಪ್ಪಿಗೆಗೆ ಮಗಳಿಂದಲೇ ಸಹಿ ಹಾಕಿಸಿ. ಎರಡು ದಿನ ಫೋನ್ ಎತ್ತದೆ ಗಾಬರಿಯಾದರೆ ಕಾಲೇಜಿಗೆ ಫೋನ್ ಮಾಡಿ ಒಮ್ಮೆ ರೂಮಿಗೆ ಹೋಗಿ ನೋಡಿ ಎಂದು ಕೇಳಬಹುದು, ಅದನ್ನು ಮಾಡುತ್ತಾರೆ.

ಸುರಕ್ಷತೆಯ ಮಾತನ್ನು ಮುಚ್ಚಿಡುವುದು ತಪ್ಪು. ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗ 2017ರಲ್ಲಿ ಯೂನಿವರ್ಸಿಟಿಗಳಲ್ಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ವರದಿ ಕೊಟ್ಟಿತು. ಕಾಲೇಜುಗಳಲ್ಲಿ ಇರುವ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚು ಎಂದು ಅದು ಬಿಚ್ಚಿ ಹೇಳಿತು. ಆಮೇಲೆ ತರಬೇತಿ, ದೂರಿನ ವ್ಯವಸ್ಥೆ ಬಿಗಿಯಾಗಿವೆ. ದೂರು ಕೊಟ್ಟರೆ ಏನಾಗುತ್ತದೆ ಎಂದು ಕಾಲೇಜಿನವರನ್ನು ಮುಖಕ್ಕೇ ಕೇಳಿ. ಒಳ್ಳೆಯ ಕಾಲೇಜಿನವರು ಈ ಪ್ರಶ್ನೆಗೆ ಮುಖ ಗಂಟಿಕ್ಕುವುದಿಲ್ಲ. ಯೂನಿವರ್ಸಿಟಿಯ ಉತ್ತರ ಸಮಾಧಾನ ತರದಿದ್ದರೆ 2025ರ ಫೆಬ್ರವರಿ 1ರಿಂದ ವಿದ್ಯಾರ್ಥಿಗಳ ದೂರು ವಿಚಾರಿಸುವ ನ್ಯಾಷನಲ್ ಸ್ಟೂಡೆಂಟ್ ಓಂಬುಡ್ಸ್‌ಮನ್ ಕಚೇರಿ ಕೆಲಸ ಮಾಡುತ್ತಿದೆ. ಹೊರದೇಶದ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗಬಹುದು, ಫೀಸಿಲ್ಲ. ದೂರು ಕೊಟ್ಟದ್ದಕ್ಕೆ ವೀಸಾ ಹೋಗುತ್ತದೆ ಅನ್ನುವುದು ಬರೀ ಭಯ.

ಏಳನೆಯದು, ಮೊದಲ ವಾರ

ಫೆಬ್ರವರಿಯಲ್ಲಿ ಕ್ಲಾಸು ಶುರುವಾಗುವ ಮೊದಲು ಓ-ವೀಕ್, ಅಂದರೆ ಹೊಸಬರನ್ನು ಬರಮಾಡಿಕೊಳ್ಳುವ ವಾರ. ಆಟ, ಹಾಡು, ಊರು ಸುತ್ತಾಟ, ಜೊತೆಗೆ ಕುಡಿತವೂ ಇರುತ್ತದೆ. ಅಲ್ಲಿ 18ಕ್ಕೆ ಕುಡಿಯಲು ಕಾನೂನಿನ ಅನುಮತಿ ಇದೆ. ಬೇಡ ಅಂದರೆ ಬೇಡ, ಕಾರಣ ಹೇಳಬೇಕಿಲ್ಲ. ಮದ್ಯವಿಲ್ಲದ ಕಾರ್ಯಕ್ರಮಗಳ ಪಟ್ಟಿಯೂ ಇರುತ್ತದೆ. ಹಿರಿಯರು ಬಲವಂತ ಮಾಡಿದರೆ, ಅವಮಾನ ಮಾಡಿದರೆ ಅದು ರ‍್ಯಾಗಿಂಗೇ. ಅಡ್ವೈಸರ್‌ಗೆ ಅಂದೇ ಹೇಳಿ. ಈ ವಾರ ರೂಮಿನಲ್ಲೇ ಬಾಗಿಲು ಹಾಕಿಕೊಂಡು ಕೂರಬೇಡಿ, ಗೆಳೆತನ ಆಗುವುದೆಲ್ಲ ಈಗಲೇ. ಕನ್ನಡ ಕಿವಿಗೆ ಬೀಳಬೇಕು ಅನ್ನಿಸಿದಾಗ ಮೆಲ್ಬೋರ್ನ್, ಸಿಡ್ನಿ ಎರಡರಲ್ಲೂ ಕನ್ನಡ ಸಂಘಗಳಿವೆ.

ಕೊನೆಗೆ, ಸಹಿ ಹಾಕುವ ಅಗ್ರಿಮೆಂಟು

ಇದು ಬಾಡಿಗೆ ಕರಾರಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ ಯೂನಿವರ್ಸಿಟಿಗೆ ಹೊಂದಿಕೊಂಡ ಕಾಲೇಜುಗಳು ಬಾಡಿಗೆದಾರರ ಕಾಯ್ದೆಯಿಂದ ಹೊರಗಿವೆ. ಅಗ್ರಿಮೆಂಟಿನಲ್ಲಿ ಬರೆದದ್ದೇ ಕಾನೂನು ಅಂದುಕೊಳ್ಳಿ. ಮಧ್ಯದಲ್ಲಿ ಬಿಟ್ಟರೆ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರುವವರೆಗೆ ಫೀಸು ಕಟ್ಟಬೇಕಾಗಬಹುದು. ವೀಸಾ ಸಿಗದಿದ್ದರೆ ಅಡ್ವಾನ್ಸ್ ವಾಪಸ್ ಬರುತ್ತದಾ ಅನ್ನುವ ಸಾಲನ್ನು ಹುಡುಕಿ ಓದಿ.

ಇಡೀ ವರ್ಷ ಅಂದರೂ ಅದು ಸುಮಾರು 40 ವಾರ ಮಾತ್ರ. ಜೂನ್-ಜುಲೈ ರಜೆಯಲ್ಲಿ ಕೆಲವು ಕಡೆ ರೂಮು ಇರುತ್ತದೆ, ಊಟ ಇರುವುದಿಲ್ಲ. ನವೆಂಬರ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಖಾಲಿ ಮಾಡಬೇಕು. ಕೆಲವು ಕಾಲೇಜುಗಳು ಕೊನೆಯ ಪರೀಕ್ಷೆಯ ಮರುದಿನವೇ ಕೀಲಿ ಕೇಳುತ್ತವೆ. ಊರಿಗೆ ಟಿಕೆಟ್ ಮಾಡಿಸುವ ಮೊದಲು ಆ ತಾರೀಖು ನೋಡಿಕೊಳ್ಳಿ. ಮುಂದಿನ ವರ್ಷವೂ ಅಲ್ಲೇ ಇರುವವರಾದರೆ ಪೆಟ್ಟಿಗೆ ಇಡಲು ಸ್ಟೋರ್‌ರೂಮ್ ಇದೆಯಾ, ಎಷ್ಟು ಇಡಬಹುದು ಎಂದು ಸೆಪ್ಟೆಂಬರ್‌ನಲ್ಲೇ ಕೇಳಿಡಿ. ಸೇರಿದ ದಿನ ಗೋಡೆ, ಹಾಸಿಗೆ, ಮೇಜಿನ ಫೋಟೋ ತೆಗೆದು ಆಫೀಸಿಗೆ ಇಮೇಲ್ ಮಾಡಿರಿ. ಖಾಲಿ ಮಾಡುವ ದಿನ ಯಾರೋ ಹಿಂದಿನವರು ಮಾಡಿದ ಗೀರಿಗೆ ನಿಮ್ಮ ಡೆಪಾಸಿಟ್‌ನಿಂದ ದುಡ್ಡು ಹಿಡಿಯಲು ಬಂದರೆ ತೋರಿಸುವುದಕ್ಕೆ ಅದೇ ದಾಖಲೆ.